ಎರಡು ರೂಪಾಯಿಯಷ್ಟು ಎತ್ತರ

ನೌಫಲ್ ಗೋಡೆಯಿಂದ ಒಂದೊಂದೇ ಇಳಿಸಿದ.
ಕೆಂಪು, ಕಪ್ಪು, ಮಿಂಚುವ ನೀಲಿ.
"ಯಾರಿಗೆ ಚೇಚಿ? ಮಗನಿಗಾ?"
"ಅಪ್ಪನಿಗೆ," ಅಂದೆ. "ಅರುವತ್ತಾರು."
ನೀಲಿಯನ್ನು ಅವನು ಸದ್ದಿಲ್ಲದೆ ವಾಪಸು ತೂಗಹಾಕಿದ.

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹಿಂದಿನ ಆ ಮಾಳಿಗೆಗೆ
ಇದು ನನ್ನ ಮೂರನೆಯ ಸಲ.
ಎರಡು ಮಂಗಳೂರು ಟ್ರಿಪ್ಪಿನ ನಡುವೆ ಇಪ್ಪತ್ತು ನಿಮಿಷ,
ಚಾ ಬಿಟ್ಟರೆ ಇಪ್ಪತ್ತೈದು.
ಖಾಕಿ ಅಂಗಿ, ಹೆಗಲಲ್ಲಿ ಚೀಲ,
ಚಿಲ್ಲರೆಯ ವಾಸನೆ ಹತ್ತಿದ ಬೆರಳು.
ತಂತಿ ಮುಟ್ಟಲು ನಾಚಿಕೆ.

ಅವನು ಹೇಳುತ್ತಾ ಹೋದ:
ಮೇಲಿನ ಹಲಗೆ ಸ್ಪ್ರೂಸ್, ಬೆನ್ನು ಮಹಾಗನಿ,
ಇದು ಇಡೀ ಮರ, ಅದು ಪದರ ಅಂಟಿಸಿದ್ದು,
ನೋಡಲಿಕ್ಕೆ ಎರಡೂ ಒಂದೇ.
ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು.

ಕುಂಬಳೆಯ ಮರದ ಮಿಲ್ಲಿನಲ್ಲಿ
ಮೂವತ್ತೊಂದು ವರ್ಷ ದಿಮ್ಮಿ ಅಳೆದವರು ಬಾಲ್ತು ಕ್ರಾಸ್ತಾ.
ಬುತ್ತಿ ಕೊಡಲು ಹೋದ ನನ್ನ ಕಣ್ಣು ಮುಚ್ಚಿ
ಚಕ್ಕೆಯೊಂದನ್ನು ಮೂಗಿಗೆ ಹಿಡಿಯುತ್ತಿದ್ದರು.
"ಯಾವುದು ಹೇಳು. ಹಲಸಾ, ಹೆಬ್ಬಲಸಾ?"
ತಪ್ಪಿದರೆ ಮಿಠಾಯಿ ಇಲ್ಲ.
ಸರಿಯಾದರೂ ಹೆಚ್ಚಾಗಿ ಇರುತ್ತಿರಲಿಲ್ಲ.

ಅದೇ ಮಿಲ್ಲಿನ ಗರಗಸ ಒಂದು ಶನಿವಾರ
ಎಡಗೈಯ ಉಂಗುರ ಬೆರಳಿನ ತುದಿಯನ್ನು
ಹೊಟ್ಟಿನ ರಾಶಿಗೆ ಎಸೆಯಿತು.
"ಹುಡುಕಿದೆವು," ಅನ್ನುತ್ತಾರೆ, "ಬೀಟೆಯ ಹೊಟ್ಟು,
ಎಲ್ಲ ನನ್ನದೇ ಬಣ್ಣ."
ಇದಕ್ಕೆ ನಗುವವರು ಅವರೊಬ್ಬರೇ.

ಅದಕ್ಕೂ ಮೊದಲು
ಬೇಳದ ಇಗರ್ಜಿಯ ಗಿಟಾರು
ಆದಿತ್ಯವಾರ ಅವರ ತೊಡೆಯ ಮೇಲೆ,
ಸೋಮವಾರ ಕಪಾಟಿನೊಳಗೆ.
ಬೀಗದ ಕೈ ಪಾದ್ರಿಯ ಹತ್ತಿರ.
ಕೀಬೋರ್ಡು ಬಂದ ವರ್ಷ ಯಾರೂ ಬರಬೇಡ ಅನ್ನಲಿಲ್ಲ,
ಬಾ ಎಂದೂ ಅನ್ನಲಿಲ್ಲ.

ಹಾಗಾಗಿ ನೌಫಲ್ ನುಡಿಸಿ ತೋರಿಸುವಾಗ
ನಾನು ಕಿವಿ ಕೊಟ್ಟದ್ದು ಕಡಿಮೆ.
ತಿರುಗಿಸಿ, ಗುಂಡು ಬಾಯಿಯ ಅಂಚು ನೋಡಿದೆ:
ಮೇಲಿನ ಗೆರೆ ಒಳಕ್ಕೂ ಇಳಿಯುತ್ತದಾ,
ಅಂಚಿಗೆ ಬಂದು ಮುಗಿಯುತ್ತದಾ.
ಗೆಣ್ಣಿನಿಂದ ತಟ್ಟಿದೆ.
ಮೂಗು ಇಟ್ಟೆ. ವಾರ್ನಿಷಿನ ಕೆಳಗೆ
ಚಳಿ ದೇಶದ ಯಾವುದೋ ಮರ,
ನಿಧಾನಕ್ಕೆ ಬೆಳೆದದ್ದು, ಗೆರೆಗಳೆಲ್ಲ ಒತ್ತೊತ್ತಾಗಿ.
"ಗಿಟಾರು ಮೂಸುವವರನ್ನು ಇವತ್ತೇ ನೋಡುವುದು ಚೇಚಿ."

"ತಂತಿ ತಗ್ಗಿರಬೇಕು," ಅಂದೆ. "ಒಂದು ಬೆರಳು ಮೋಟು."
"ಎಷ್ಟು ತಗ್ಗು?"
ಚೀಲಕ್ಕೆ ಕೈ ಹಾಕಿ ಎರಡು ರೂಪಾಯಿ ತೆಗೆದೆ,
ಹನ್ನೆರಡನೆಯ ಮನೆಯಲ್ಲಿ ತಂತಿಯಡಿ ತೂರಿಸಿದೆ.
"ಇಷ್ಟು."
ಕೆಳಗಿನ ಎಲುಬಿನ ಪಟ್ಟಿ ಬಿಚ್ಚಿ ಅವನು ಉಜ್ಜಿದ,
ಕೂರಿಸಿದ, ಪುನಃ ಬಿಚ್ಚಿ ಉಜ್ಜಿದ,
ನಾಣ್ಯ ಹೋಗಿ ಬರುವಷ್ಟು, ಬೀಳದಷ್ಟು.
ಆಚೆ ನನ್ನ ಡ್ರೈವರು ಹಾರ್ನು ಹೊಡೆಯುತ್ತಲೇ ಇದ್ದ.

ಹದಿನಾಲ್ಕು ಸಾವಿರದ ಇನ್ನೂರು. ಇನ್ನೂರು ಬಿಟ್ಟ.
ನಾಣ್ಯ ಮಾತ್ರ ಎಣಿಸಿ ಚೀಲಕ್ಕೆ ಹಾಕಿದೆ, ಅದು ಸರಕಾರದ್ದು.
ಬಸ್ಸಿನಲ್ಲಿ ಎಂಜಿನ್ ಪಕ್ಕ ನಿಲ್ಲಿಸಿ
ನನಗೆ ನಾನೇ ಲಗೇಜು ಟಿಕೆಟ್ ಕೊಟ್ಟುಕೊಂಡೆ.
ಮೊಗ್ರಾಲು ಸೇತುವೆಯಲ್ಲಿ ಬಸ್ಸು ಕುಲುಕಿದ್ದೇ
ಕವರಿನೊಳಗೆ ಆರೂ ತಂತಿ ಸಣ್ಣಗೆ ಎದ್ದವು.
ನಿದ್ದೆಯಲ್ಲಿದ್ದ ಮಗುವೊಂದು ಕಣ್ಣು ಬಿಟ್ಟು
ನನ್ನನ್ನೇ ನೋಡಿತು.

ಅಪ್ಪ ನುಡಿಸಲಿಲ್ಲ. ಕನ್ನಡಕ ಹುಡುಕಿದರು.
ಜಗಲಿಯ ಬಲ್ಬಿನ ಕೆಳಗೆ ಒಯ್ದು
ಬಾಯಿಯ ಅಂಚು ನೋಡಿದರು, ತಟ್ಟಿದರು,
ಆಮೇಲೆ ಮೂಸಿದರು.
"ಅದೇನು ಬಂಗುಡೆಯಾ?" ಎಂದಳು ಅಮ್ಮ ಒಳಗಿನಿಂದ.
"ಆರಿಸಿದ್ದು ಯಾರು?"
"ಅಂಗಡಿಯವ," ಅಂದೆ.
"ಅವನಿಗೆ ಮರ ಗೊತ್ತುಂಟು," ಅಂದರು
ನನ್ನ ಕಡೆ ನೋಡದೆ,
ಮೋಟು ಬೆರಳನ್ನು ಮೂರನೆಯ ತಂತಿಯ ಮೇಲಿಟ್ಟು.
ಟಪ್ ಎಂದಿತು.
ಬೆರಳನ್ನು ಕೂದಲೆಳೆಯಷ್ಟು ಸರಿಸಿ
ಇನ್ನೊಮ್ಮೆ ಒತ್ತಿದರು.